ಸನ್ನೆ ಕದಿಯುವುದು ತಪ್ಪೇ?

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಮೈದಾನದ ಅಂಚಿನಲ್ಲಿ ನಿಂತವರು ಕೈ ಬೀಸುವುದನ್ನು, ಚಿತ್ರಫಲಕ ಎತ್ತುವುದನ್ನು ನೀವು ನೋಡಿರಬಹುದು. ಮುಂದಿನ ಆಟ ಯಾವುದೆಂದು ತರಬೇತುದಾರರು ಆಟಗಾರರಿಗೆ ತಿಳಿಸುವ ಗುಪ್ತಭಾಷೆ ಅದು. ಅರ್ಥ ಬಯಲಾದರೆ, ಚೆಂಡನ್ನು ಹಿಡಿದು ಓಡುವರೋ ಎಸೆಯುವರೋ ಎಂಬುದು ಎದುರಾಳಿಗೆ ಮೊದಲೇ ಗೊತ್ತಾಗುತ್ತದೆ.

ಹಾಗಾದರೆ ಸನ್ನೆ ಓದುವುದು ಅಪರಾಧವೇ? ಅಲ್ಲ. ಪಂದ್ಯದ ವೇಳೆ ಬರಿಗಣ್ಣಿನಿಂದ ನೋಡಿ ಊಹಿಸಬಹುದು, ಟಿ.ವಿ. ಪ್ರಸಾರದಿಂದಲೂ ಕಲಿಯಬಹುದು. ಆದರೆ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ ಎರಡನ್ನು ನಿಷೇಧಿಸಿದೆ. ಒಂದು, ಸನ್ನೆಗಳನ್ನು ಚಿತ್ರೀಕರಿಸುವುದು. ಇನ್ನೊಂದು, ಮುಂದೆ ಎದುರಾಗಲಿರುವ ತಂಡದ ಪಂದ್ಯಕ್ಕೆ ಹೋಗಿ ಬೇಹು ನೋಡುವುದು. ಈ ಎರಡನೆಯ ನಿಷೇಧ ಬಂದದ್ದು 1994ರಲ್ಲಿ. ಪ್ರಯಾಣದ ಖರ್ಚು ಭರಿಸಲಾಗದ ಕಾಲೇಜುಗಳು ಹಿಂದೆ ಬೀಳಬಾರದೆಂಬುದು ಅದರ ಉದ್ದೇಶ.

2023ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ತಂಡ ಇದೇ ಆರೋಪಕ್ಕೆ ಗುರಿಯಾಯಿತು. ತನಗೇನೂ ತಿಳಿದಿರಲಿಲ್ಲವೆಂದ ತರಬೇತುದಾರ ಜಿಮ್ ಹಾರ್ಬಾ ಲೀಗಿನ ಕೊನೆಯ ಮೂರು ಪಂದ್ಯಗಳಿಂದ ಹೊರಗುಳಿಯಬೇಕಾಯಿತು. ಆದರೂ ತಂಡ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. 2025ರಲ್ಲಿ ಭಾರಿ ದಂಡ ಬಿತ್ತು; ಪ್ರಶಸ್ತಿ ಮಾತ್ರ ಉಳಿಯಿತು.

2024ರಿಂದ ಉನ್ನತ ಶ್ರೇಣಿಯ ತಂಡಗಳು ಮೈದಾನದಲ್ಲಿರುವ ಒಬ್ಬ ಆಟಗಾರನ ಹೆಲ್ಮೆಟ್ಟಿಗೆ ರೇಡಿಯೊ ಅಳವಡಿಸಬಹುದು. ಗಡಿಯಾರದಲ್ಲಿ 15 ಸೆಕೆಂಡು ಉಳಿದಾಗ ಅದು ಮೌನವಾಗುತ್ತದೆ. ಕದಿಯುವ ದಾರಿಯನ್ನು ತಂತ್ರಜ್ಞಾನ ಕಿರಿದು ಮಾಡಬಹುದು. ಆದರೆ ಜಾಣತನ ಎಲ್ಲಿ ಮುಗಿದು ಮೋಸ ಎಲ್ಲಿ ಶುರುವಾಗುತ್ತದೆಂಬುದನ್ನು ನಿಯಮವೇ ಹೇಳಬೇಕು, ಆಡುವವರು ಒಪ್ಪಬೇಕು.