ರೇಡಿಯೇಟರಿಗೆ ಹೊಸ ನೀರಿನ ಕಾಟ

ಕನ್ನಡ ನಾಡಿನಲ್ಲಿ ರೇಡಿಯೇಟರ್ ಎಂದರೆ ಲಾರಿ, ಕಾರುಗಳ ಎಂಜಿನ್ನನ್ನು ತಂಪಾಗಿಡುವ ಭಾಗವೆಂದೇ ರೂಢಿ. ಆದರೆ ಬ್ರಿಟನ್ನಿನಂಥ ಚಳಿದೇಶಗಳ ಮನೆಗಳಲ್ಲಿ ಅದೇ ಹೆಸರು, ಬಾಯ್ಲರಿನಲ್ಲಿ ಕಾದ ನೀರನ್ನು ಒಡಲೊಳಗೆ ಹರಿಯಗೊಟ್ಟು ಕೋಣೆಯನ್ನು ಬೆಚ್ಚಗಿಡುವ, ಗೋಡೆಗೆ ತೂಗುಹಾಕಿದ ಚಪ್ಪಟೆ ಉಕ್ಕಿನ ಉಪಕರಣಕ್ಕೆ ಸಲ್ಲುತ್ತದೆ. ಇದರ ಜನಕನೆಂದು ಸಾಮಾನ್ಯವಾಗಿ ಗುರುತಿಸಲಾಗುವವನು ಪ್ರಷ್ಯದಲ್ಲಿ ಹುಟ್ಟಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ನೆಲೆಸಿದ, 1850ರ ದಶಕದಲ್ಲಿ ರೇಡಿಯೇಟರನ್ನು ರೂಪಿಸಿದ ಫ್ರಾಂಟ್ಸ್ ಸಾನ್ ಗಲ್ಲಿ. ಹಳೆಯ ಕಾಲದವು ದಪ್ಪ ಎರಕದ ಕಬ್ಬಿಣದವಾದರೆ, ಇಂದಿನವು ಒಂದು ಮಿಲಿಮೀಟರಿಗಿಂತ ತುಸುವೇ ದಪ್ಪವಾದ ಉಕ್ಕಿನ ತಗಡುಗಳನ್ನು ಅಚ್ಚೊತ್ತಿ, ಅಂಚುಗಳನ್ನು ಬೆಸೆದು ಮಾಡಿದವು. ಇಷ್ಟು ತೆಳುವಾದ ತಗಡು ಸದಾ ನೀರು ತುಂಬಿಕೊಂಡಿದ್ದೂ ಹಲವು ದಶಕ ಬಾಳಬಲ್ಲದು ಎಂಬುದೇ ಮೊದಲು ವಿವರಣೆ ಬೇಡುವ ಸಂಗತಿ.

ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರೊಂದೇ ಸಾಲದು, ನೀರಿನಲ್ಲಿ ಕರಗಿದ ಆಮ್ಲಜನಕವೂ ಬೇಕು. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ನೀರಿನಲ್ಲಿ ಅದು ಹೆಚ್ಚೆಂದರೆ ಸುಮಾರು 9 ಮಿಲಿಗ್ರಾಂ ಕರಗಿರುತ್ತದೆ. ಆದ್ದರಿಂದ ಬಾಯ್ಲರ್, ಕೊಳವೆ, ರೇಡಿಯೇಟರುಗಳೆಲ್ಲ ಸೇರಿ 100 ಲೀಟರ್ ನೀರು ಹಿಡಿಯುವ ಮನೆಯೊಂದರಲ್ಲಿ ಮೊದಲು ತುಂಬಿದ ನೀರಿನ ಆಮ್ಲಜನಕ ಎರಡು ಗ್ರಾಂಗಿಂತ ಸ್ವಲ್ಪ ಹೆಚ್ಚು ಕಬ್ಬಿಣವನ್ನು ತಿಂದು ಬತ್ತಿಹೋಗುತ್ತದೆ. ಅಲ್ಲಿಂದ ಮುಂದೆ ಸವೆತ ಬಹಳ ಮಂದವಾಗುತ್ತದೆ. ಆಮ್ಲಜನಕವಿಲ್ಲದ ಆ ನೀರಿನಲ್ಲಿ ಕೆಂಪು ತುಕ್ಕಿನ ಬದಲು ಮ್ಯಾಗ್ನೆಟೈಟ್ ಎಂಬ, ಅಯಸ್ಕಾಂತಕ್ಕೆ ಅಂಟುವ ಕಪ್ಪು ಪುಡಿ ಹುಟ್ಟುತ್ತದೆ, ಜೊತೆಗೆ ಒಂದಿಷ್ಟು ಜಲಜನಕವೂ ಬಿಡುಗಡೆಯಾಗುತ್ತದೆ. ರೇಡಿಯೇಟರಿನ ಮೇಲ್ತುದಿಯ ತಿರುಪನ್ನು ಸಡಿಲಿಸಿದಾಗ ಬುಸ್ಸೆಂದು ಹೊರಬರುವ ಅನಿಲದಲ್ಲಿ ಈ ಜಲಜನಕ ಇರಬಹುದಾದ್ದರಿಂದ, ಆ ಹೊತ್ತಿನಲ್ಲಿ ಬೆಂಕಿಯನ್ನು ಹತ್ತಿರಕ್ಕೆ ತರಲೇಬಾರದು.

ಸೋರಿಕೆ ಕೆಡಿಸುವುದು ಈ ಸಮತೋಲವನ್ನೇ. ನೀರು ಜಿನುಗಿದಂತೆ, ತಣ್ಣಗಿರುವಾಗ ಸಾಮಾನ್ಯವಾಗಿ 1ರಿಂದ 1.5 ಬಾರ್ ಇರಬೇಕಾದ ಒತ್ತಡ ಇಳಿಯುತ್ತದೆ, ಮನೆಯವರು ಬಾಯ್ಲರಿನ ಬಳಿಯ ಕಿರುನಲ್ಲಿಯನ್ನು ತಿರುಗಿಸಿ ಹೊಸ ನೀರು ಸೇರಿಸುತ್ತಾರೆ, ಆ ನೀರಿನೊಂದಿಗೆ ಹೊಸ ಆಮ್ಲಜನಕವೂ ಒಳಗೆ ಬರುತ್ತದೆ. 1.2 ಮಿಲಿಮೀಟರ್ ದಪ್ಪದ ತಗಡಿನಲ್ಲಿ ಒಂದು ಮಿಲಿಮೀಟರ್ ಅಗಲದ ತೂತು ಬೀಳಲು ಕರಗಬೇಕಾದ ಕಬ್ಬಿಣ ಏಳೆಂಟು ಮಿಲಿಗ್ರಾಂ ಮಾತ್ರ. ಒಂದೇ ಲೀಟರ್ ಹೊಸ ನೀರಿನ ಆಮ್ಲಜನಕಕ್ಕೆ, ಅದರ ಕೆಲಸವೆಲ್ಲ ಒಂದೇ ಕಡೆ ನಡೆದರೆ, ಅದಕ್ಕಿಂತ ಎರಡು ಪಟ್ಟಿಗೂ ಮಿಕ್ಕಿ ಕರಗಿಸುವ ಶಕ್ತಿಯಿದೆ. ಒಂದು ಸೋರಿಕೆಯನ್ನು ಸಹಿಸಿಕೊಂಡು ನೀರು ತುಂಬಿಸುತ್ತ ಹೋದವರ ಮನೆಯಲ್ಲಿ ಇನ್ನೊಂದು ಸೋರಿಕೆಗೆ ಹೀಗೆ ದಾರಿಯಾಗುತ್ತದೆ.

ಸವೆತ ತಗಡಿನ ತುಂಬ ಹರಡದೆ ಒಂದೇ ಚುಕ್ಕೆಯಲ್ಲಿ ಏಕೆ ಕೊರೆಯುತ್ತದೆ ಎಂಬುದಕ್ಕೆ, ಕೇಂಬ್ರಿಜ್‌ನ ಯು. ಆರ್. ಇವಾನ್ಸ್ 1920ರ ದಶಕದಲ್ಲಿ ಉಜ್ಜಿದ ಕಬ್ಬಿಣದ ಮೇಲೆ ಉಪ್ಪುನೀರಿನ ಹನಿಯಿಟ್ಟು ನಡೆಸಿದ ಪ್ರಯೋಗ ಸೊಗಸಾದ ಉತ್ತರ ಕೊಡುತ್ತದೆ. ಗಾಳಿ ಸುಲಭವಾಗಿ ಮುಟ್ಟುವುದು ಹನಿಯ ಅಂಚನ್ನಾದರೂ ಕಬ್ಬಿಣ ಕರಗುವುದು ಆಮ್ಲಜನಕದ ಕೊರತೆಯಿರುವ ನಡುಭಾಗದಲ್ಲಿ, ಮತ್ತು ತುಕ್ಕು ಇವೆರಡರ ನಡುವೆ ಬಳೆಯಂತೆ ಕಟ್ಟಿಕೊಳ್ಳುತ್ತದೆ. ರೇಡಿಯೇಟರಿನ ತಳದಲ್ಲಿ ನಿಂತ ಕಪ್ಪು ರಾಡಿಯ ಅಡಿಯಲ್ಲಿಯೂ ಇದೇ ನಡೆಯುತ್ತದೆ: ರಾಡಿ ಮುಚ್ಚಿದ ಜಾಗ ಕರಗುತ್ತದೆ, ಸುತ್ತಲಿನ ವಿಶಾಲ ತಗಡು ಆಮ್ಲಜನಕವನ್ನು ಹಿಡಿದು ಆ ಕರಗುವಿಕೆಯನ್ನು ನಡೆಸಿಕೊಡುತ್ತದೆ. ಕೆಳಗಿನ ಬೆಸುಗೆಯ ಬಳಿ ಬಣ್ಣ ಬೊಬ್ಬೆಯೆದ್ದು, ಉಗುರಿನಿಂದ ಒತ್ತಿದರೆ ಕಂದು ನೀರು ಒಸರಿದರೆ, ಅದು ಒಳಗಿನಿಂದ ಹೊರಕ್ಕೆ ಬಂದ ತೂತು. ಬಚ್ಚಲುಮನೆಯ ತೇವದಿಂದ ಹೊರಮೈಗಷ್ಟೇ ಹಿಡಿದ ತುಕ್ಕು ಬೇರೆಯದು; ಮರಳುಕಾಗದದಿಂದ ಉಜ್ಜಿ, ಪ್ರೈಮರ್ ಬಳಿದು, ಬಿಸಿ ತಾಳುವ ಬಣ್ಣ ಹಚ್ಚಿದರೆ ಸಾಕು.

ಆದ್ದರಿಂದ ಸೋರುವ ಜಾಗವನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಎಲ್ಲ ಕಡೆ ಒರೆಸಿ, ಒಣಗಿದ ಟಿಶ್ಯೂ ಕಾಗದವನ್ನು ಜೋಡಣೆಗಳಿಗೆ ಒಂದೊಂದಾಗಿ ಮುಟ್ಟಿಸಿದರೆ ಮೊದಲು ನೆನೆಯುವ ಜಾಗವೇ ಮೂಲ. ಅದು ವಾಲ್ವಿನ ನಟ್ಟಾಗಿದ್ದರೆ ಸ್ಪ್ಯಾನರಿನ ಕಾಲು ಸುತ್ತಿನಲ್ಲಿಯೇ ಸೋರಿಕೆ ನಿಲ್ಲಬಹುದು. ತಗಡೇ ತೂತಾಗಿದ್ದರೆ ಎಪಾಕ್ಸಿ ಮೆತ್ತುವುದು ಕೆಲವು ದಿನಗಳ ಮಾತು, ರೇಡಿಯೇಟರನ್ನು ಬದಲಿಸುವುದೇ ಸರಿ. ಅಲ್ಲಿಯವರೆಗೆ ಎರಡೂ ತುದಿಗಳ ವಾಲ್ವುಗಳನ್ನು ಮುಚ್ಚಿಟ್ಟರೆ ಉಳಿದ ಕೋಣೆಗಳು ಬೆಚ್ಚಗಿರುತ್ತವೆ. ಒಂದು ತುದಿಯ ವಾಲ್ವು ಆ ರೇಡಿಯೇಟರಿಗೆ ಎಷ್ಟು ನೀರು ಹರಿಯಬೇಕೆಂಬುದನ್ನು ನಿಗದಿಪಡಿಸಿರುವುದರಿಂದ, ಅದನ್ನು ಮುಚ್ಚುವಾಗ ಎಷ್ಟು ಸುತ್ತು ತಿರುಗಿತೆಂದು ಎಣಿಸಿ ಬರೆದಿಟ್ಟುಕೊಳ್ಳಬೇಕು. ಹೊಸತನ್ನು ಕೂರಿಸುವಾಗ ಹಳೆಯ ರಾಡಿಯನ್ನೆಲ್ಲ ತೊಳೆದುಹಾಕಿ, ಲೋಹದ ಮೈಮೇಲೆ ರಕ್ಷಾಪದರ ಕಟ್ಟುವ, ಇನ್ಹಿಬಿಟರ್ ಎಂದು ಕರೆಯಲಾಗುವ ತುಕ್ಕುನಿರೋಧಕ ದ್ರವವನ್ನು ನೀರಿಗೆ ಸೇರಿಸದಿದ್ದರೆ ಹೊಸ ತಗಡಿಗೂ ಅದೇ ಗತಿ. ಇಂಗ್ಲೆಂಡಿನ ಬಾಡಿಗೆಮನೆಗಳಲ್ಲಿರುವ ಕನ್ನಡಿಗರು ಇನ್ನೊಂದನ್ನೂ ತಿಳಿದಿರಬೇಕು: ಏಳು ವರ್ಷಕ್ಕಿಂತ ಕಡಿಮೆ ಅವಧಿಯ ಬಾಡಿಗೆಯಲ್ಲಿ ಕೋಣೆ ಬಿಸಿಮಾಡುವ ವ್ಯವಸ್ಥೆಯನ್ನು ಸುಸ್ಥಿತಿಯಲ್ಲಿಡುವ ಹೊಣೆಯನ್ನು 1985ರ ಕಾಯಿದೆ ಮನೆಯ ಮಾಲೀಕರ ಮೇಲೆ ಹೊರಿಸಿದೆ.

ಯಾವ ರೇಡಿಯೇಟರೂ ಒಸರದೆ ಒತ್ತಡ ಮಾತ್ರ ವಾರವಾರವೂ ಇಳಿಯುತ್ತಿದ್ದರೆ, ನೀರು ಕಾದು ಹಿಗ್ಗಿದಾಗ ಅದಕ್ಕೆ ಎಡೆಕೊಡುವ ಪಾತ್ರೆ ಕೆಟ್ಟು, ಹೆಚ್ಚಾದ ನೀರು ಸುರಕ್ಷತಾ ವಾಲ್ವಿನ ಮೂಲಕ ಹೊರಗೋಡೆಯ ಕೊಳವೆಯಿಂದ ಹನಿಯುತ್ತಿರಬಹುದು. ಆ ಕೊಳವೆಯ ಬಾಯಿ ಒದ್ದೆಯಾಗಿ ಕಂಡರೆ ನೀರು ತುಂಬಿಸುವ ನಲ್ಲಿಯನ್ನು ಮತ್ತೆಮತ್ತೆ ತಿರುಗಿಸುವುದನ್ನು ಬಿಟ್ಟು ಬಾಯ್ಲರ್ ಬಲ್ಲವರನ್ನು ಕರೆಸಬೇಕು.