ಎಂಟು ರಾಜೀನಾಮೆಗಳ ಪಾಠ

ಕಾರ್ಯಾಲಯದ ಬಾಗಿಲೊಂದರಲ್ಲಿ ಸಿಕ್ಕಿಕೊಂಡಿದ್ದ ಸಣ್ಣದೊಂದು ಲೋಹದ ಮುಳ್ಳು ನೌಕರಳೊಬ್ಬಳ ಕೈಗೆ ಚುಚ್ಚಿ ರಕ್ತ ಬಂದಿತು. ಬೇರೆಲ್ಲಾದರೂ ಆಗಿದ್ದರೆ ಗಾಯಕ್ಕೆ ಪಟ್ಟಿ ಕಟ್ಟಿ ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹಿಂತಿರುಗುತ್ತಿದ್ದರು. ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಮೌಂಟನ್ ವ್ಯೂ ಎಂಬ ಊರಿನ ಆ ಪ್ರಯೋಗಶಾಲೆಯಲ್ಲಿ ಹಾಗಾಗಲಿಲ್ಲ. ಇದು ಯಾರೋ ಬೇಕೆಂದೇ ಮಾಡಿದ ಕೇಡು ಎಂದು ಯಜಮಾನರು ಶಂಕಿಸಿದರು. ಅಪರಾಧಿಯನ್ನು ಕಂಡುಹಿಡಿಯಲು ನೌಕರರನ್ನು ಸುಳ್ಳುಪತ್ತೆ ಯಂತ್ರದ ಮುಂದೆ ಕೂರಿಸಬೇಕೆಂದರು. ಕಡೆಗೆ ಆ ಮುಳ್ಳನ್ನು ಪರೀಕ್ಷಿಸಿ ನೋಡಿದರೆ, ಅದು ತಲೆ ಕಳಚಿಹೋಗಿದ್ದ ಒಂದು ಡ್ರಾಯಿಂಗ್ ಪಿನ್ನು!

ಕೈಯ ಗಾಯವೇನೋ ಮಾಯ್ದಿತು. ಆದರೆ ಸಂಶಯದ ಮುಳ್ಳು ಮನಸ್ಸಿನಲ್ಲಿಯೇ ಉಳಿಯಿತು.

ಆರಿಸಬಲ್ಲವರು, ಆಳಲಾರದವರು

ಆ ಯಜಮಾನರು ಸಾಮಾನ್ಯರಲ್ಲ. ಟ್ರಾನ್ಸಿಸ್ಟರಿನ ಶೋಧನೆಗಾಗಿ 1956ರಲ್ಲಿ ಬಾರ್ಡೀನ್ ಮತ್ತು ಬ್ರಾಟನ್ನರೊಂದಿಗೆ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ವಿಲಿಯಂ ಶಾಕ್ಲಿ. ಆರ್ನಲ್ಡ್ ಬೆಕ್‌ಮನ್ ಎಂಬ ಉದ್ಯಮಿಯ ಬಂಡವಾಳದಿಂದ ತಮ್ಮದೇ ಪ್ರಯೋಗಶಾಲೆಯನ್ನು ಸ್ಥಾಪಿಸಿದಾಗ, ಬೆಲ್ ಪ್ರಯೋಗಾಲಯದ ತಮ್ಮ ಹಳೆಯ ಸಹೋದ್ಯೋಗಿಗಳನ್ನು ಅವರು ಕರೆದರು. ಶಾಕ್ಲಿಯವರನ್ನು ಹತ್ತಿರದಿಂದ ಬಲ್ಲ ಅವರಾರೂ ಬರಲೊಪ್ಪಲಿಲ್ಲ. ಆಗ ಅವರು ದೇಶದ ನಾನಾ ಕಡೆಗಳಿಂದ ತರುಣ ಮೇಧಾವಿಗಳನ್ನು ಹುಡುಕಿ ತಂದರು. ರಾಬರ್ಟ್ ನಾಯ್ಸ್, ಗಾರ್ಡನ್ ಮೂರ್, ಜೀನ್ ಹೋರ್ನಿ ಮುಂತಾದವರೆಲ್ಲ ಹಾಗೆ ಬಂದವರು. ಪ್ರತಿಭೆಯನ್ನು ಗುರುತಿಸುವ ಕಣ್ಣು ಶಾಕ್ಲಿಯವರಿಗೆ ಅಪಾರವಾಗಿ ಇದ್ದಿತು.

ಇಲ್ಲದಿದ್ದುದು ಅದನ್ನು ನಂಬುವ ಮನಸ್ಸು. ತರುಣನೊಬ್ಬ ಹೊಸ ಫಲಿತಾಂಶವನ್ನು ತಂದು ತೋರಿಸಿದರೆ, ಅವನೆದುರಿನಲ್ಲಿಯೇ ಹಳೆಯ ಸ್ನೇಹಿತರಿಗೆ ಟೆಲಿಫೋನ್ ಮಾಡಿ "ಇದು ನಿಜವೇ?" ಎಂದು ವಿಚಾರಿಸುತ್ತಿದ್ದರು. ಸಿಲಿಕಾನ್ ಟ್ರಾನ್ಸಿಸ್ಟರುಗಳನ್ನು ತಯಾರಿಸಬೇಕೆಂದು ಉತ್ಸಾಹದಿಂದ ಬಂದವರನ್ನು, ತಮಗೆ ಪ್ರಿಯವಾದ ನಾಲ್ಕು ಪದರಗಳ ಡಯೋಡಿನ ಕಡೆಗೆ ತಿರುಗಿಸಿದರು. ತರುಣರು ಮೊದಲು ಬೆಕ್‌ಮನ್ನರಲ್ಲಿ ದೂರಿಕೊಂಡರು. ಅವರು ಕೆಲಕಾಲ ತೂಗಾಡಿ, ಕೊನೆಗೆ ಶಾಕ್ಲಿಯವರ ಪಕ್ಷವನ್ನೇ ವಹಿಸಿದರು.

ಗಮನಿಸಬೇಕಾದ ಸಂಗತಿಯೊಂದಿದೆ. ಅವರು ಸಂಬಳ ಸಾಲದೆಂದು ಹೊರಟವರಲ್ಲ. ಸ್ವಂತ ಕಂಪನಿಯನ್ನು ಕಟ್ಟುವ ಯೋಚನೆಯೂ ಅವರಿಗೆ ಇರಲಿಲ್ಲ. ತಮ್ಮೆಲ್ಲರನ್ನೂ ಒಟ್ಟಾಗಿ ಕೆಲಸಕ್ಕೆ ಸೇರಿಸಿಕೊಳ್ಳುವ ಯಜಮಾನನೊಬ್ಬ ಸಿಗುವನೇ ಎಂದು ಕೇಳಿ ಅವರಲ್ಲೊಬ್ಬರಾದ ಯೂಜೀನ್ ಕ್ಲೈನರ್ ನ್ಯೂಯಾರ್ಕಿನ ಹಣಕಾಸು ಸಂಸ್ಥೆಯೊಂದಕ್ಕೆ ಪತ್ರ ಬರೆದರು. "ನೀವೇ ಏಕೆ ಒಂದು ಸಂಸ್ಥೆಯನ್ನು ತೆರೆಯಬಾರದು?" ಎಂಬ ಸಲಹೆ ಬಂದುದು ಆ ಸಂಸ್ಥೆಯ ಆರ್ಥರ್ ರಾಕ್ ಮುಂತಾದವರಿಂದ. ಷರ್ಮನ್ ಫೇರ್‌ಚೈಲ್ಡ್ ಎಂಬ ಧನಿಕರ ಕಂಪನಿ ಬಂಡವಾಳ ಹೂಡಿತು. 1957ರ ಸೆಪ್ಟೆಂಬರಿನಲ್ಲಿ ಎಂಟು ಮಂದಿಯೂ ರಾಜೀನಾಮೆಯಿತ್ತು ಹೊರನಡೆದರು. 'ದ್ರೋಹಿಗಳಾದ ಎಂಟು ಮಂದಿ' ಎಂಬ ಬಿರುದು ಅವರಿಗೆ ಅಂಟಿಕೊಂಡಿತು.

ಎರಡೇ ವರ್ಷಗಳಲ್ಲಿ, 1959ರಲ್ಲಿ, ಟ್ರಾನ್ಸಿಸ್ಟರಿನ ತಯಾರಿಕೆಗೆ ಹೋರ್ನಿ ಹೊಸದೊಂದು ಸಮತಲ ವಿಧಾನವನ್ನು ರೂಪಿಸಿದರು. ಅದರ ಆಧಾರದ ಮೇಲೆ ನಾಯ್ಸ್ ಸಿಲಿಕಾನ್ ಬಿಲ್ಲೆಯೊಂದರಲ್ಲಿಯೇ ಇಡೀ ವಿದ್ಯುನ್ಮಂಡಲವನ್ನು ಅಡಕಗೊಳಿಸುವ ಮಾರ್ಗವನ್ನು ತೋರಿದರು. ಇತ್ತ ಶಾಕ್ಲಿಯವರ ಪ್ರಯೋಗಶಾಲೆ ಲಾಭದ ಮುಖವನ್ನೇ ಕಾಣದೆ 1960ರಲ್ಲಿ ಪರರ ಕೈಸೇರಿತು. ಬೆಣ್ಣೆಯನ್ನು ಕೈಯಲ್ಲಿಟ್ಟುಕೊಂಡು ತುಪ್ಪಕ್ಕಾಗಿ ಅಲೆದಂತಾಯಿತು.

ದುಡಿದವರು ಇಲ್ಲಿ, ಉಂಡವರು ಅಲ್ಲಿ

ಹೊಸ ಮನೆಯಲ್ಲಿ ಸಂಶಯವಿರಲಿಲ್ಲ, ಸ್ವಾತಂತ್ರ್ಯವಿದ್ದಿತು. ಆದರೂ ಅಲ್ಲಿಂದಲೂ ಪ್ರತಿಭೆ ಸೋರಿಹೋಯಿತು! ಕಾರಣವೇ ಬೇರೆ.

ಒಪ್ಪಂದದ ಪ್ರಕಾರ ಬಂಡವಾಳ ಹೂಡಿದ ಕಂಪನಿಯು 30 ಲಕ್ಷ ಡಾಲರು ಕೊಟ್ಟು ಎಂಟು ಮಂದಿಯ ಷೇರುಗಳನ್ನೂ ಕೊಂಡುಕೊಂಡಿತು. ನಿನ್ನೆಯ ಪಾಲುದಾರರು ಇಂದು ಮತ್ತೆ ಸಂಬಳಗಾರರಾದರು. ಕೆಲಸ ನಡೆಯುತ್ತಿದ್ದುದು ಪಶ್ಚಿಮ ತೀರದಲ್ಲಿ. ಲಾಭ ಹರಿಯುತ್ತಿದ್ದುದು ಮೂರು ಸಾವಿರ ಮೈಲಿಗಳಾಚೆಯ ಪೂರ್ವತೀರದ ಕಛೇರಿಗೆ. ಹೊಸ ಇಂಜಿನಿಯರುಗಳಿಗೂ ಷೇರುಗಳಲ್ಲಿ ಧಾರಾಳವಾಗಿ ಪಾಲು ಕೊಡಬೇಕೆಂಬ ಮಾತನ್ನು ಅಲ್ಲಿಯವರು ಕಿವಿಗೆ ಹಾಕಿಕೊಳ್ಳಲಿಲ್ಲ. "ಆಳಾಗಿ ದುಡಿ, ಅರಸನಾಗಿ ಉಣ್ಣು" ಎನ್ನುತ್ತದೆ ನಮ್ಮ ಗಾದೆ. ಇಲ್ಲಿ ಆಳುಗಳು ಒಂದು ಕಡೆ, ಅರಸರು ಇನ್ನೊಂದು ಕಡೆ!

ಹೋರ್ನಿ, ಕ್ಲೈನರ್ ಮುಂತಾದ ನಾಲ್ವರು ಕೆಲವೇ ವರ್ಷಗಳಲ್ಲಿ ಹೊರಟುಹೋದರು. ಕಾರ್ಖಾನೆಯ ಆಡಳಿತದಲ್ಲಿ ನಿಪುಣರಾದ ಚಾರ್ಲ್ಸ್ ಸ್ಪೋರ್ಕ್ 1967ರಲ್ಲಿ ಪ್ರತಿಸ್ಪರ್ಧಿ ಸಂಸ್ಥೆಯೊಂದನ್ನು ಸೇರಿದರು. ಮಾತೃಸಂಸ್ಥೆಯ ಮುಖ್ಯಸ್ಥರ ಸ್ಥಾನವೂ ನಾಯ್ಸರಿಗೆ ಒಲಿಯಲಿಲ್ಲ. 1968ರಲ್ಲಿ ಅವರೂ ಮೂರರೂ ಹೊರಬಂದು ಇಂಟೆಲ್ ಕಂಪನಿಯನ್ನು ಸ್ಥಾಪಿಸಿದರು.

ಇವರನ್ನೆಲ್ಲ ಕರಾರುಪತ್ರದಿಂದ ಕಟ್ಟಿಹಾಕಲು ಬರುತ್ತಿರಲಿಲ್ಲವೇ? ಕ್ಯಾಲಿಫೋರ್ನಿಯಾದಲ್ಲಿ ಬರುತ್ತಿರಲಿಲ್ಲ. ಒಬ್ಬನು ನ್ಯಾಯವಾದ ವೃತ್ತಿಯನ್ನು ನಡೆಸದಂತೆ ತಡೆಯುವ ಕರಾರನ್ನು ಅಲ್ಲಿಯ ಕಾನೂನು 1872ರಿಂದಲೂ ಅಸಿಂಧುವೆನ್ನುತ್ತದೆ. ಕಾಗದ ಕಟ್ಟಲಾರದವನನ್ನು ವಿಶ್ವಾಸವೊಂದೇ ಕಟ್ಟಬೇಕು.

ಕಲಿತ ಪಾಠ

ಎರಡು ಮನೆಗಳನ್ನು ಬಿಟ್ಟುಬಂದಿದ್ದ ನಾಯ್ಸ್ ಹೊಸ ಮನೆಯಲ್ಲಿ ಆ ತಪ್ಪುಗಳನ್ನು ತಿದ್ದಿದರು. ಮುಖ್ಯಸ್ಥರಿಗೆಂದು ಭವ್ಯವಾದ ಕೊಠಡಿಯಿರಲಿಲ್ಲ. ಎಲ್ಲರ ನಡುವೆ ಅವರದೂ ಒಂದು ಸಾಧಾರಣ ಮೇಜು. ಷೇರುಗಳ ಹಕ್ಕು ಮೇಲಧಿಕಾರಿಗಳಿಗೆ ಮಾತ್ರವೇ ಮೀಸಲಾಗಿರದೆ ಇಂಜಿನಿಯರುಗಳಿಗೂ ದೊರೆಯಿತು. ಆದರೂ, 1971ರಲ್ಲಿ ಹೊರಬಂದ 4004 ಎಂಬ ಪ್ರಸಿದ್ಧ ಮೈಕ್ರೋಪ್ರೊಸೆಸರಿನ ರಚನೆಯಲ್ಲಿ ಪ್ರಮುಖರಾದ ಫೆಡೆರಿಕೊ ಫಾಜಿನ್ 1974ರಲ್ಲಿ ಇಂಟೆಲನ್ನು ಬಿಟ್ಟು ಝೈಲಾಗ್ ಎಂಬ ತಮ್ಮ ಸಂಸ್ಥೆಯನ್ನು ತೆರೆದರು. ಎಂಥ ಒಳ್ಳೆಯ ಮನೆಯಿಂದಲೂ ಕೆಲವರು ಹೋಗಿಯೇ ಹೋಗುತ್ತಾರೆ.

ಈ ಪಾಠ ಕನ್ನಡ ನಾಡಿಗೆ ದೂರದ್ದಲ್ಲ. 1981ರಲ್ಲಿ ಎನ್. ಆರ್. ನಾರಾಯಣಮೂರ್ತಿ ಮತ್ತು ಆರು ಮಂದಿ ಸಂಗಡಿಗರು ಪುಣೆಯಲ್ಲಿ ಸ್ಥಾಪಿಸಿದ ಇನ್ಫೋಸಿಸ್ 1983ರಲ್ಲಿ ಬೆಂಗಳೂರಿಗೆ ಬಂದಿತು. ಅದರ ಸ್ಥಾಪಕರೂ ಇನ್ನೊಂದು ಕಂಪನಿಯ ನೌಕರಿಯಿಂದ ಹೊರಬಂದವರೇ. 1994ರಲ್ಲಿ ಆ ಸಂಸ್ಥೆ ತನ್ನ ನೌಕರರಿಗೆ ಷೇರು ನೀಡುವ ಯೋಜನೆಯನ್ನು ಜಾರಿಗೆ ತಂದಿತು. ಹೊರಟುಬಂದವರಿಗೇ ಉಳಿಸಿಕೊಳ್ಳುವ ದಾರಿ ಚೆನ್ನಾಗಿ ತಿಳಿದಿರುತ್ತದೆಯೇನೋ!

ಸಂಬಳ ಕೊಟ್ಟು ದಿನದ ಎಂಟು ಗಂಟೆಗಳನ್ನು ಕೊಳ್ಳಬಹುದು. ಮನೆಗೆ ಹೋಗುವ ದಾರಿಯಲ್ಲಿ ಹೊಳೆಯುವ ಹೊಸ ಯೋಚನೆಯನ್ನು ಕೊಳ್ಳಲಾಗದು. ಅದು ನಂಬಿಕೆಯಿರುವ ಕಡೆಗೆ, ಫಲದಲ್ಲಿ ಪಾಲಿರುವ ಕಡೆಗೆ ತಾನಾಗಿಯೇ ಹರಿದುಬರುವಂಥದು. ಪ್ರತಿಭಾವಂತನೊಬ್ಬ ರಾಜೀನಾಮೆಯನ್ನು ಮುಂದಿಟ್ಟಾಗ "ಎಷ್ಟು ಹೆಚ್ಚಿಸಲಿ?" ಎಂದು ಕೇಳುವ ಯಜಮಾನರು, ಅದಕ್ಕಿಂತ ಮುಂಚೆಯೇ ತಮ್ಮನ್ನು ತಾವು ಒಂದು ಪ್ರಶ್ನೆ ಕೇಳಿಕೊಂಡಿದ್ದರೆ ಲೇಸಾಗುತ್ತಿತ್ತು: ನಮ್ಮ ಕಾರ್ಯಾಲಯದ ಬಾಗಿಲಿನಲ್ಲಿ ಎಲ್ಲಾದರೂ ಮುಳ್ಳು ಸಿಕ್ಕಿಕೊಂಡಿದೆಯೇ?