ಹಸಿದವರು ಕಟ್ಟಿದ ಅರಮನೆ



ವಿಮಾನ ನಗರದ ಮಾಲುಗಳು, ಕಾಫಿ ಅಂಗಡಿಗಳು ನಿಮಗೆ ಅಂಗೈ ರೇಖೆಯಷ್ಟು ಪರಿಚಿತ. ಆದರೆ ಅಲ್ಲಿಂದ ನಗರ ರಸ್ತೆಯಲ್ಲಿ ಪುಣೆ ಊರಿನ ಕಡೆಗೆ ಸ್ವಲ್ಪ ದೂರ ಹೋದರೆ ಸಿಗುವ ಆಗಾಖಾನ್ ಅರಮನೆಯೊಳಗೆ ನಿಮ್ಮಲ್ಲಿ ಎಷ್ಟು ಮಂದಿ ಕಾಲಿಟ್ಟಿದ್ದೀರಿ? ಶಾಲೆಯ ಪ್ರವಾಸದಲ್ಲಿ ಸಾಲಾಗಿ ನಡೆದು ಹೊರಬಂದದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಒಂದು ಭಾನುವಾರ ಮನೆಮಂದಿಯೊಡನೆ ನಿಧಾನವಾಗಿ ನೋಡಿ ಬನ್ನಿ.

ಅರಮನೆ ಎಂದರೆ ರಾಜ, ಸಿಂಹಾಸನ ನೆನಪಾಗುತ್ತವೆ. ಇದರ ಹುಟ್ಟು ಬೇರೆ. ಸುತ್ತಲಿನ ಹಳ್ಳಿಗಳ ಜನ ಬರದಿಂದ ಕಂಗೆಟ್ಟಿದ್ದಾಗ, ಅವರಿಗೆ ಕೂಲಿ ಸಿಗಲೆಂದು ಮೂರನೆಯ ಆಗಾಖಾನ್ ಸುಲ್ತಾನ್ ಮಹಮ್ಮದ್ ಷಾ ಅವರು 1892ರಲ್ಲಿ ಇದನ್ನು ಕಟ್ಟಿಸಿದರು. 1,000 ಜನರಿಗೆ 5 ವರ್ಷ ಕೆಲಸ, 12 ಲಕ್ಷ ರೂಪಾಯಿ ವೆಚ್ಚ ಎಂದು ಲೆಕ್ಕ ಹೇಳುತ್ತಾರೆ.

ಇದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಬಡವರಿಗೆಂದೇ ಸರ್ಕಾರಿ ಮನೆಗಳಿದ್ದವು. 1834ರ ಕಾನೂನಿನಂತೆ ಅಲ್ಲಿನ ಬಾಳನ್ನು ಬೇಕೆಂದೇ ಕಠಿಣಗೊಳಿಸಿದ್ದರು, ಯಾರೂ ಸುಲಭವಾಗಿ ಬರದಿರಲಿ ಎಂದು! ಗಂಡ ಒಂದೆಡೆ, ಹೆಂಡತಿ ಒಂದೆಡೆ, ಮಕ್ಕಳು ಇನ್ನೊಂದೆಡೆ. ಡಿಕನ್ಸ್‌ನ ಆಲಿವರ್ ಟ್ವಿಸ್ಟ್ ಇನ್ನಷ್ಟು ಗಂಜಿ ಕೇಳಿ ಬೈಸಿಕೊಂಡದ್ದು ಇಂಥ ಮನೆಯಲ್ಲೇ. ಚಾರ್ಲಿ ಚಾಪ್ಲಿನ್ ಕೂಡ 1896ರಲ್ಲಿ, ಏಳು ವರ್ಷದ ಹುಡುಗನಾಗಿದ್ದಾಗ, ಲಂಡನ್ನಿನ ಲ್ಯಾಂಬೆತ್ ಬಡವರ ಮನೆ ಸೇರಬೇಕಾಯಿತು. ಆ ಕಟ್ಟಡದ ಒಂದು ಭಾಗದಲ್ಲಿ ಮುಂದೆ ಸಿನಿಮಾ ವಸ್ತುಸಂಗ್ರಹಾಲಯ ತೆರೆಯಿತು. 1931ರಲ್ಲಿ ಅದೇ ಲಂಡನ್ನಿನಲ್ಲಿ ಚಾಪ್ಲಿನ್ ಗಾಂಧೀಜಿಯವರನ್ನು ಭೇಟಿಯಾದರು.

ಅದೇ ಗಾಂಧೀಜಿಯವರನ್ನು 1942ರ ಆಗಸ್ಟ್‌ನಿಂದ 1944ರ ಮೇ 6ರವರೆಗೆ ನಮ್ಮ ಈ ಅರಮನೆಯಲ್ಲಿ ಸೆರೆಯಿಟ್ಟಿದ್ದರು. ಇಷ್ಟು ದೊಡ್ಡ ಮನೆ, ಇಷ್ಟು ಕಾವಲು ಜನರ ಹಣದ ದುಂದು, ತಮಗೆ ಯಾವ ಸೆರೆಮನೆಯಾದರೂ ಸಾಕು ಎಂದು ಅವರು ಸರ್ಕಾರಕ್ಕೆ ಬರೆದರು. ಮಹಾದೇವ ದೇಸಾಯಿಯವರು 1942ರ ಆಗಸ್ಟ್ 15ರಂದು, ಕಸ್ತೂರಬಾ 1944ರ ಫೆಬ್ರವರಿ 22ರಂದು ಇಲ್ಲೇ ಕೊನೆಯುಸಿರೆಳೆದರು. ಇಬ್ಬರ ಸಮಾಧಿಗಳೂ ಆವರಣದಲ್ಲಿವೆ. 1969ರಲ್ಲಿ ನಾಲ್ಕನೆಯ ಆಗಾಖಾನ್ ಕಟ್ಟಡವನ್ನು ದೇಶಕ್ಕೆ ಅರ್ಪಿಸಿದರು.

ಕೋಣೆಗಳಲ್ಲಿರುವ ಚಿತ್ರಗಳನ್ನು, ಗಾಂಧೀಜಿಯವರ ಬಳಕೆಯ ವಸ್ತುಗಳನ್ನು ಭಕ್ತಿಯಿಂದ ನೋಡಿ. ಆಮೇಲೆ ಮೊಗಸಾಲೆಯಲ್ಲಿ ನಿಂತು ಕಮಾನುಗಳನ್ನೂ ನೋಡಿ. ಆ ಕಲ್ಲು ಹೊತ್ತವರ ಹೆಸರೇನು? ಕಟ್ಟಿಸಿದವರ ಹೆಸರು ಉಳಿಯಿತು, ಸೆರೆಯಾದವರ ಹೆಸರೂ ಉಳಿಯಿತು. ಗಾರೆ ಕಲಸಿ ಅಂದಿನ ರೊಟ್ಟಿ ಗಳಿಸಿದ ತಾಯಿಯ ಹೆಸರನ್ನು ಯಾರೂ ಹೇಳರು. ಆದರೂ ಒಂದು ಮಾತು ನಿಜ: ಆಕೆ ಕೈಯೊಡ್ಡಿ ಗಂಜಿ ಪಡೆಯಲಿಲ್ಲ, ದುಡಿದು ಕೂಲಿ ಪಡೆದಳು. ಹಸಿದವರಿಗೆ ಅನ್ನದಷ್ಟೇ ಮಾನವೂ ಬೇಕು. 1972ರ ಭೀಕರ ಬರದ ಬಳಿಕ ಮಹಾರಾಷ್ಟ್ರವು ಉದ್ಯೋಗ ಖಾತರಿಯನ್ನು 1977ರಲ್ಲಿ ಕಾನೂನಾಗಿಸಿದ್ದರ ಹಿಂದೆಯೂ ಇದೇ ವಿವೇಕವಿತ್ತು.

ಇದು ಮರಾಠಿ ನೆಲದ ಕಥೆ, ನಮಗೇನು ಎನ್ನಬೇಡಿ. ಅಂದು ವಿಜಯಪುರ, ಧಾರವಾಡ, ಬೆಳಗಾವಿಗಳು ಪುಣೆಯಂತೆಯೇ ಮುಂಬಯಿ ಪ್ರಾಂತ್ಯದಲ್ಲಿದ್ದವು. ಒಂದೇ ಮಳೆ ಕೈಕೊಟ್ಟರೆ ಎರಡೂ ಕಡೆ ಒಲೆ ಆರುತ್ತಿತ್ತು. ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ, ಧಾತು, ಈಶ್ವರ ಸಂವತ್ಸರಗಳ ಬರದ ನಂತರ, 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು.

ನಿಮ್ಮ ಅಜ್ಜ ಅಜ್ಜಿಯರು ತಟ್ಟೆಯಲ್ಲಿ ಅಗುಳು ಬಿಟ್ಟರೆ ಗದರುವುದು ಜಿಪುಣತನದಿಂದಲ್ಲ. ಅವರ ಹಿರಿಯರು ಬರದ ಬಗ್ಗೆ ಏನು ಹೇಳುತ್ತಿದ್ದರು ಎಂದು ಕೇಳಿ, ಕನ್ನಡದಲ್ಲೇ ಕೇಳಿ, ಒಂದು ಪುಸ್ತಕದಲ್ಲಿ ಬರೆದಿಡಿ. ಅರಮನೆಯ ಗೋಡೆ ಹೇಳದೆ ಬಿಟ್ಟ ಹೆಸರುಗಳಲ್ಲಿ ಒಂದೆರಡಾದರೂ ನಿಮ್ಮ ಮನೆಯಲ್ಲಿ ಸಿಕ್ಕಾವು.